ಮಳೆ ಸದ್ದಿನಲ್ಲಿ ಪಾಪುಗೆ ಓದಿ ಹೇಳುವಾಗ
ಶೀಟಿನ ಮನೆ, ಮೇಲೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ, ಓದಿದ್ದು ಪಾಪುಗೆ ಕೇಳಿಸುವುದೇ ಇಲ್ಲ ಅನ್ನುವವರು ಹೀಗೆ ಮಾಡಿ ನೋಡಿ: ಮಡಿಲಲ್ಲಿ ಕೂರಿಸುವ ಬದಲು ದಿಂಬಿಗೆ ಒರಗಿಸಿ ಎದುರಿಗೆ ಕೂರಿಸಿ, ಪುಸ್ತಕವನ್ನು ನಿಮ್ಮ ಗಲ್ಲದ ಕೆಳಗೆ ಹಿಡಿದು ಓದಿ. ಆರೇಳು ತಿಂಗಳ ಹೊತ್ತಿಗೆ ಮಕ್ಕಳು ಮಾತಾಡುವವರ ಬಾಯಿಯನ್ನೇ ನೋಡತೊಡಗುತ್ತವೆ. ಕಿವಿಗೆ ಅರೆಬರೆ ಬಿದ್ದದ್ದನ್ನು ತುಟಿ ನೋಡಿ ಹಿಡಿಯುತ್ತವೆ. ‘ಆನೆ ಬಂತು’ ಅನ್ನುವಾಗ ‘ಬ’ಗೆ ತುಟಿ ಮುಚ್ಚಿ ತೆರೆಯುವುದನ್ನು ಸ್ವಲ್ಪ ನಿಧಾನ ಮಾಡಿ, ಎಷ್ಟೋ ಮಕ್ಕಳು ತಾವೂ ತುಟಿ ಒತ್ತುತ್ತವೆ, ನೋಡೋಕೆ ಎಷ್ಟು ಚೆಂದ! ಕೂಗಿ ಓದಬೇಡಿ, ಬೆದರುತ್ತವೆ. ಕರೆಂಟ್ ಹೋಗಿ ಮುಖ ಕಾಣದಿದ್ದರೆ ಇದು ನಡೆಯಲ್ಲ. ಆಗ ಎತ್ತಿಕೊಂಡು ಕಿವಿಯ ಹತ್ತಿರವೇ ಹೇಳಿ. ನಿದ್ದೆಗಣ್ಣಲ್ಲಿದ್ದಾಗಲೂ ಅಷ್ಟೇ. ಚಿತ್ರಕ್ಕೆ ಬೆರಳಿಟ್ಟು ‘ಇದೇನು’ ಅಂತ ಕೇಳುವಷ್ಟು ದೊಡ್ಡವರಾದರೆ ಮಡಿಲೇ ಸರಿ.