ನಳಿಗೆಯ ಒಳಗಿನ ಸವೆತವನ್ನು ಪರೀಕ್ಷಿಸುವುದು ಹೇಗೆ?

ಗುಂಡು ಉಜ್ಜಿ ಉಜ್ಜಿಯೇ ರೈಫಲ್ಲಿನ ನಳಿಗೆ ಸವೆಯುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿದ್ದರೆ ಗುಂಡಿನ ವೇಗ ಅತಿ ಹೆಚ್ಚಿರುವ ತುದಿಯೇ ಮೊದಲು ಹಾಳಾಗಬೇಕಿತ್ತು. ಆದರೆ ಸಾಮಾನ್ಯವಾಗಿ ಮೊದಲು ಕೆಡುವುದು ಚೇಂಬರಿನ (ತೋಟಾ ಕೂರುವ ಗೂಡಿನ) ಎದುರಿಗಿರುವ ಕೆಲವೇ ಸೆಂಟಿಮೀಟರ್ ಜಾಗ. ಮದ್ದು ಉರಿದು ಹುಟ್ಟುವ ಅನಿಲದ ಬಿಸಿ, ಒತ್ತಡ ಎರಡೂ ಹೆಚ್ಚಿರುವುದು ಅಲ್ಲೇ.

ಮೊದಲು ಆಯುಧ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಹೊರತೆಗೆಯಿರಿ.

ಆಮೇಲೆ ತಾಮ್ರ ತೆಗೆಯಿರಿ. ಗುಂಡಿನ ಹೊದಿಕೆಯ ತಾಮ್ರ ಒಳಮೈಗೆ ಮೆತ್ತಿಕೊಂಡು ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಅಮೋನಿಯಾ ಇರುವ ದ್ರಾವಣ ಹಾಕಿದರೆ ಬಟ್ಟೆ ನೀಲಿಯಾಗುತ್ತದೆ. ನೀಲಿ ನಿಲ್ಲುವವರೆಗೂ ಒರೆಸಿ. ನೈಲಾನ್ ಬ್ರಷ್ಷನ್ನೇ ಬಳಸಿ. ಕಂಚಿನದಾದರೆ ಬ್ರಷ್ಷೇ ಕರಗಿ ನೀಲಿ ಬಿಡುತ್ತದೆ, ನೀವು ಸುಮ್ಮನೆ ಒರೆಸುತ್ತಲೇ ಇರುತ್ತೀರಿ!

ಈಗ ಚೇಂಬರಿನ ಕಡೆಯಿಂದ ಬೋರ್‌ಸ್ಕೋಪ್ (ನಳಿಗೆಯ ಒಳಗನ್ನು ತೋರಿಸುವ ಸಣ್ಣ ದರ್ಶಕ) ತೂರಿಸಿ. ಹೆಚ್ಚು ಬಳಸಿದ ನಳಿಗೆಯಾದರೆ ಬತ್ತಿದ ಕೆರೆಯಂಗಳದಂಥ ಬಿರುಕುಗಳ ಜಾಲ ಕಾಣುತ್ತದೆ. ಗುಂಡು ಹಾರಿದಾಗ ಉಕ್ಕಿನ ಮೇಲ್ಪದರ ಕ್ಷಣಮಾತ್ರದಲ್ಲಿ ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಹರಳು ರಚನೆಯೇ ಬದಲಾಗುತ್ತದೆ. ಒಳಗಿನ ತಣ್ಣನೆಯ ಉಕ್ಕು ಆ ಬಿಸಿಯನ್ನು ಥಟ್ಟನೆ ಎಳೆದುಕೊಂಡಾಗ ಮೇಲ್ಪದರ ಗಡುಸಾಗಿ, ಪೆಡಸಾಗಿ ಸೀಳುತ್ತದೆ. ಜೊತೆಗೆ ಅನಿಲದಲ್ಲಿರುವ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತದೆ. ನಿಜವಾದ ಹಾನಿ ಇದೇ ಎಂದು ನನ್ನ ಅಭಿಪ್ರಾಯ: ಶುದ್ಧ ಕಬ್ಬಿಣ ಕರಗುವುದು 1,538 ಡಿಗ್ರಿಯಲ್ಲಿ, ಶೇ. 4.3ರಷ್ಟು ಇಂಗಾಲ ಸೇರಿದರೆ 1,147ರಲ್ಲೇ.

ನಳಿಗೆಯ ಒಳಮೈಗೆ ಕ್ರೋಮಿಯಂ ಲೇಪನವಿದ್ದರೆ ಲೇಪನದ ಅಂಚುಗಳನ್ನು ನೋಡಿ. ಕ್ರೋಮಿಯಂ ಸುಮಾರು 1,900 ಡಿಗ್ರಿಯವರೆಗೆ ಕರಗದು. ಆದರೆ ಲೇಪನದಲ್ಲಿ ಹುಟ್ಟಿನಿಂದಲೇ ಸೂಕ್ಷ್ಮ ಬಿರುಕುಗಳಿರುತ್ತವೆ. ಬಿಸಿಗೆ ಉಕ್ಕು ಹಿಗ್ಗಿದಷ್ಟು ಅದು ಹಿಗ್ಗುವುದೂ ಇಲ್ಲ. ಬಿರುಕಿನಲ್ಲಿ ನುಸುಳಿದ ಅನಿಲ ಅಡಿಯ ಉಕ್ಕನ್ನು ತಿಂದ ಮೇಲೆ ಲೇಪನ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಕೊನೆಗೆ ಸವೆತ ಎಷ್ಟಾಗಿದೆ ಎಂದು ಗೇಜಿನಿಂದ (ಅಳತೆಯ ಸಾಧನದಿಂದ) ಅಳೆದು ಬರೆದಿಡಿ. 1918ರಲ್ಲಿ ಪ್ಯಾರಿಸ್ ಮೇಲೆ ಶೆಲ್ ಎಸೆದ ಜರ್ಮನ್ ಫಿರಂಗಿ ಎಷ್ಟು ಬೇಗ ಸವೆಯುತ್ತಿತ್ತೆಂದರೆ, ಸವೆದು ಅಗಲವಾಗುವ ನಳಿಗೆಗೆ ಹೊಂದುವಂತೆ ಒಂದಕ್ಕಿಂತ ಒಂದು ತುಸು ದಪ್ಪವಿದ್ದ ಶೆಲ್‌ಗಳಿಗೆ ಸಂಖ್ಯೆ ಹಾಕಿ ಅದೇ ಕ್ರಮದಲ್ಲಿ ಹಾರಿಸುತ್ತಿದ್ದರು.

ಬಿರುಕು ಕಂಡಾಕ್ಷಣ ನಳಿಗೆ ಬದಲಿಸಬೇಕಿಲ್ಲ. ಗುರಿ ಚೆದುರತೊಡಗಿದ್ದರೆ, ರೈಫ್ಲಿಂಗಿನ (ಗುಂಡನ್ನು ತಿರುಗಿಸುವ ಒಳಮೈಯ ಸುರುಳಿ ಗೀರುಗಳ) ಏಣುಗಳು ಮೊಂಡಾಗಿದ್ದರೆ ಪರಿಣತ ಗನ್‌ಸ್ಮಿತ್‌ಗೆ (ಬಂದೂಕು ದುರಸ್ತಿಗಾರರಿಗೆ) ತೋರಿಸಿ.