ಸೈಟ್ ಹ್ಯಾಂಗ್ ಆದಾಗ ರೀಬೂಟ್‌ಗೆ ಮೊದಲು ನಾನು ನೋಡುವುದು

ವೆಬ್ ಸರ್ವರ್ ಹ್ಯಾಂಗ್ ಆಗಿದೆ ಅಂದರೆ ನಾನು ಮೊದಲು ಲಾಗಿನ್ ಆಗುವುದು ಡೇಟಾಬೇಸ್ ಮೆಷಿನ್‌ಗೆ. ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡ್ ಓಡಿಸುವ ವರ್ಕರ್ ಪ್ರೊಸೆಸ್‌ಗಳ ಗುಂಪು) ಒಂದು ಲಿನಕ್ಸ್ ಮೆಷಿನ್‌ನಲ್ಲಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಇನ್ನೊಂದರಲ್ಲಿ ಇರುವ ಸೆಟಪ್‌ನಲ್ಲಿ ನಿಂತುಹೋದಂತೆ ಕಾಣುವುದು ಒಂದು, ನಿಜವಾಗಿ ನಿಂತಿರುವುದು ಇನ್ನೊಂದು. ರೀಬೂಟ್ ಮಾಡಿದರೆ ಸೈಟ್ ಎದ್ದು ಬರುತ್ತದೆ, ನಿಜ. ಆದರೆ ಯಾವ ಪ್ರೊಸೆಸ್ ಯಾವುದಕ್ಕೆ ಕಾದು ಕೂತಿತ್ತು ಎಂಬ ಸಾಕ್ಷ್ಯವೂ ಅದರ ಜೊತೆಗೇ ಹೋಗುತ್ತದೆ.

ವೆಬ್ ಮೆಷಿನ್‌ನಲ್ಲಿ 504 (ಹಿಂದಿನಿಂದ ಸಮಯಕ್ಕೆ ಉತ್ತರ ಬರಲಿಲ್ಲ ಎಂಬ ದೋಷ) ಬರುತ್ತಿದ್ದರೂ ಲೋಡ್ (ಓಡುತ್ತಿರುವ ಅಥವಾ ಸರದಿಗೆ ಕಾಯುತ್ತಿರುವ ಪ್ರೊಸೆಸ್‌ಗಳ ಸರಾಸರಿ ಸಂಖ್ಯೆ) 1ಕ್ಕಿಂತ ಕೆಳಗಿದ್ದರೆ ಅಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಪಿಎಚ್‌ಪಿ ವರ್ಕರ್‌ಗಳು ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಮೇಲೆ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿವೆ. ಹಾಗೆ ಕಾಯುವವು ಲೋಡ್ ಲೆಕ್ಕಕ್ಕೆ ಬರುವುದಿಲ್ಲ. ಎಫ್‌ಪಿಎಂ ಲಾಗ್‌ನಲ್ಲಿ ಮ್ಯಾಕ್ಸ್ ಚಿಲ್ಡ್ರನ್ (ಗರಿಷ್ಠ ವರ್ಕರ್‌ಗಳ ಸಂಖ್ಯೆ) ಮಿತಿ ಮುಟ್ಟಿದೆ, ಹೆಚ್ಚಿಸಿ ಎಂಬ ಎಚ್ಚರಿಕೆ ಇರುತ್ತದೆ. ಅದನ್ನು ನಂಬಿ 50 ಇದ್ದುದನ್ನು 200 ಮಾಡಬೇಡಿ. ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ ಕನೆಕ್ಷನ್ ಮಿತಿ 151. ಮೊದಲೇ ಏದುಸಿರು ಬಿಡುತ್ತಿರುವ ಡೇಟಾಬೇಸ್‌ಗೆ ಇನ್ನಷ್ಟು ಹೊರೆ ಹಾಕಿದಂತಾಗುತ್ತದೆ, ಅಷ್ಟೆ.

ಇದರ ಜೊತೆಗೆ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಪಿಎಚ್‌ಪಿಯ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ (ಸ್ಕ್ರಿಪ್ಟ್ ಓಡಬಹುದಾದ ಗರಿಷ್ಠ ಸಮಯ) 30 ಸೆಕೆಂಡ್ ಇದ್ದರೂ ಲಿನಕ್ಸ್‌ನಲ್ಲಿ ಕ್ವೆರಿಗೆ (ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಗೆ) ಕಾದ ಸಮಯ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ವರ್ಕರ್ ಹತ್ತು ನಿಮಿಷ ಸಿಕ್ಕಿಹಾಕಿಕೊಂಡರೂ ಅದನ್ನು ಯಾರೂ ಬಿಡಿಸುವುದಿಲ್ಲ. ಎಫ್‌ಪಿಎಂ ಪೂಲ್‌ನಲ್ಲಿ ರಿಕ್ವೆಸ್ಟ್ ಟರ್ಮಿನೇಟ್ ಟೈಮ್‌ಔಟ್ ಎಂಬ ಬೇರೆ ಸೆಟ್ಟಿಂಗ್ ಇದೆ, ಆ ಅವಧಿ ಮೀರಿದ ವರ್ಕರ್ ಅನ್ನು ಅದು ನಿಲ್ಲಿಸುತ್ತದೆ. ಡಿಫಾಲ್ಟ್ 0, ಅಂದರೆ ಆಫ್. ನಾನು ಅದನ್ನು 60 ಸೆಕೆಂಡ್‌ಗೆ ಇಡುತ್ತೇನೆ, ಸ್ಲೋಲಾಗ್ (ನಿಧಾನವಾದ ರಿಕ್ವೆಸ್ಟ್‌ಗಳ ಲಾಗ್) ಅನ್ನು 5 ಸೆಕೆಂಡ್‌ಗೆ. ವರ್ಕರ್ ಯಾವ ಫಂಕ್ಷನ್‌ನ ಯಾವ ಸಾಲಿನಲ್ಲಿ ನಿಂತಿದೆ ಎಂಬುದು ಸ್ಲೋಲಾಗ್‌ನಲ್ಲಿ ಕಾಣುತ್ತದೆ. ಇಪ್ಪತ್ತು ವರ್ಕರ್‌ಗಳು ಒಂದೇ ಸಾಲಿನಲ್ಲಿ ನಿಂತಿದ್ದರೆ ಅರ್ಧ ಕೆಲಸ ಮುಗಿದಂತೆ.

ಡೇಟಾಬೇಸ್ ಮೆಷಿನ್‌ನಲ್ಲಿ ಮೊದಲ ಕಮಾಂಡ್ ವಿಎಂಸ್ಟಾಟ್ 1, ಅದು ಸೆಕೆಂಡಿಗೊಂದು ಸಾಲಿನಂತೆ ಮೆಷಿನ್‌ನ ಸ್ಥಿತಿ ತೋರಿಸುತ್ತದೆ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಮೆಷಿನ್ ಬೂಟ್ ಆದಾಗಿನಿಂದ ಬಂದ ಸರಾಸರಿ. ನಂತರದ ಹತ್ತು ಸಾಲುಗಳಲ್ಲಿ ಆರ್ (ಸಿಪಿಯು ಸರದಿಯಲ್ಲಿರುವ ಪ್ರೊಸೆಸ್‌ಗಳು), ಬಿ (ಬ್ಲಾಕ್ ಆಗಿ ಕಾಯುತ್ತಿರುವವು), ಎಸ್‌ಐ, ಎಸ್‌ಒ (ಸ್ವಾಪ್‌ನಿಂದ ಬಂದದ್ದು, ಸ್ವಾಪ್‌ಗೆ ಹೋದದ್ದು), ಡಬ್ಲ್ಯೂಎ (ಡಿಸ್ಕ್‌ಗೆ ಕಾದ ಸಮಯ), ಎಸ್‌ಟಿ ಕಾಲಂಗಳನ್ನು ನೋಡಿ. ಆರ್ ಕಾಲಂ ಕೋರ್‌ಗಳ ಸಂಖ್ಯೆಗಿಂತ ಬಹಳ ಮೇಲಿದ್ದರೆ ಸಿಪಿಯು ಸಾಲುತ್ತಿಲ್ಲ. ಎಸ್‌ಟಿ ಏರಿದ್ದರೆ ನಿಮ್ಮ ವರ್ಚುವಲ್ ಮೆಷಿನ್‌ಗೆ ಸಿಗಬೇಕಾದ ಸಿಪಿಯು ಅದೇ ಹೋಸ್ಟ್‌ನ ಬೇರೆಯವರಿಗೆ ಹೋಗುತ್ತಿದೆ. ಲೋಡ್ 90 ಇದ್ದೂ ಸಿಪಿಯು ಖಾಲಿ ಕೂತು ಬಿ ಕಾಲಂ ಬೆಳೆಯುತ್ತಿದ್ದರೆ ಡಿಸ್ಕ್ ಕಡೆಗೆ ಹೋಗಿ: ಲಿನಕ್ಸ್‌ನಲ್ಲಿ ಲೋಡ್ ಲೆಕ್ಕವು ಡಿಸ್ಕ್‌ಗೆ ಕಾಯುತ್ತಿರುವ, ಡಿ ಸ್ಥಿತಿಯ ಪ್ರೊಸೆಸ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಕರ್ನಲ್‌ನ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಪ್ರೊಸೆಸ್ 120 ಸೆಕೆಂಡ್‌ಗಿಂತ ಹೆಚ್ಚು ಬ್ಲಾಕ್ ಆಗಿದೆ ಎಂಬ ಸಾಲು ಸಿಕ್ಕರೆ ಅನುಮಾನವೇ ಬೇಡ.

ಡಿಸ್ಕ್ ಯಾಕೆ ನಿಧಾನವಾಯಿತು ಎಂಬುದಕ್ಕೆ ಗಡಿಯಾರ ನೋಡುವುದು ನನ್ನ ಅಭ್ಯಾಸ. ಡೆಬಿಯನ್ ಲಿನಕ್ಸ್‌ನ ಅನೇಕ ಆವೃತ್ತಿಗಳಲ್ಲಿ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದು ಅರೇ ಆಗಿ ಜೋಡಿಸುವ ವ್ಯವಸ್ಥೆ) ಇದ್ದರೆ ಅದರ ಕ್ರಾನ್ (ನಿಗದಿತ ಸಮಯಕ್ಕೆ ಓಡುವ ಕೆಲಸ) ತಿಂಗಳ ಮೊದಲ ಭಾನುವಾರ, ಶನಿವಾರದ ಮಧ್ಯರಾತ್ರಿ ದಾಟಿದ ಮೇಲೆ 12:57ಕ್ಕೆ, ಇಡೀ ಅರೇಯನ್ನು ಓದಿ ಪರಿಶೀಲಿಸುತ್ತದೆ. ದೊಡ್ಡ ಡಿಸ್ಕ್ ಆದರೆ ಅದು ಗಂಟೆಗಟ್ಟಲೆ ನಡೆಯುತ್ತದೆ. ಪ್ರೊಕ್ ಅಡಿಯ ಎಂಡಿಸ್ಟಾಟ್ ಫೈಲ್ ತೆರೆದರೆ ಎಷ್ಟು ಶೇಕಡಾ ಮುಗಿದಿದೆ ಎಂದು ಕಾಣುತ್ತದೆ. ಪರಿಶೀಲನೆಯನ್ನು ನಿಲ್ಲಿಸಬೇಡಿ, ಅದು ಬೇಕಾದ ಕೆಲಸ. ವೇಗದ ಮೇಲ್ಮಿತಿಯನ್ನು ಸೆಕೆಂಡಿಗೆ ಡಿಫಾಲ್ಟ್ 200000 ಕೆಬಿಯಿಂದ 20000ಕ್ಕೆ ಇಳಿಸಿದರೆ ಸಾಕು. ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳದು ಇನ್ನೊಂದು ಕಥೆ: ಕಾರ್ಡ್‌ನ ಬ್ಯಾಟರಿ ತನ್ನನ್ನು ತಾನೇ ಖಾಲಿ ಮಾಡಿ ಮತ್ತೆ ಚಾರ್ಜ್ ಮಾಡಿಕೊಳ್ಳುವ ಹೊತ್ತಿನಲ್ಲಿ ರೈಟ್‌ ಕ್ಯಾಶ್ (ಬರೆಯಬೇಕಾದುದನ್ನು ಕಾರ್ಡ್‌ನಲ್ಲೇ ಹಿಡಿದಿಡುವ ಮೆಮೊರಿ) ಆಫ್ ಆಗಬಹುದು, ಆಗ ಪ್ರತಿ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ನೇರ ಡಿಸ್ಕ್‌ಗೆ ಹೋಗುತ್ತದೆ. ಡಿಸ್ಕ್‌ನ ಅಂಕಿಅಂಶ ತೋರಿಸುವ ಐಒಸ್ಟಾಟ್‌ನಲ್ಲಿ ಬರೆಯುವ ಕಾಯುವಿಕೆ 1 ಮಿಲಿಸೆಕೆಂಡ್‌ನಿಂದ ಹಠಾತ್ತನೆ 30-40ಕ್ಕೆ ಏರಿದರೆ ಬ್ಯಾಟರಿಯನ್ನು ಪರೀಕ್ಷಿಸಿ.

ಎಸ್‌ಐ, ಎಸ್‌ಒ ಎರಡೂ ನಿರಂತರ ಓಡುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸ್ವಾಪ್‌ನಲ್ಲಿ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಸುಮ್ಮನೆ ಕೂತ 300 ಎಂಬಿ ಏನೂ ಕೆಡಿಸುವುದಿಲ್ಲ, ಆ ಓಡಾಟವೇ ಕೆಡಿಸುವುದು. ವೆಬ್, ಡೇಟಾಬೇಸ್ ಎರಡೂ ಒಂದೇ 16 ಜಿಬಿ ಮೆಷಿನ್‌ನಲ್ಲಿದ್ದು, ಇನ್ನೋಡಿಬಿ ಬಫರ್ ಪೂಲ್‌ಗೆ (ಮೈಎಸ್‌ಕ್ಯೂಎಲ್ ತನ್ನ ಡೇಟಾವನ್ನು ರ‍್ಯಾಮ್‌ನಲ್ಲಿ ಇಡುವ ಜಾಗ) 12 ಜಿಬಿ ಕೊಟ್ಟು, ತಲಾ 60 ಎಂಬಿಯ 80 ವರ್ಕರ್ ಇಟ್ಟರೆ 16.8 ಜಿಬಿ ಆಯಿತು. ಜನ ಕಡಿಮೆ ಇರುವಾಗ ಚೆನ್ನಾಗಿಯೇ ಓಡುತ್ತದೆ, ನೂಕುನುಗ್ಗಲಾದ ಹೊತ್ತಿಗೆ ನಿಲ್ಲುತ್ತದೆ.

ಡಿಸ್ಕ್, ರ‍್ಯಾಮ್, ಸಿಪಿಯು ಎಲ್ಲ ಆರಾಮಾಗಿದ್ದೂ ಸೈಟ್ ನಿಂತಿದ್ದರೆ ಕಾರಣ ಲಾಕ್: ಒಂದು ಕನೆಕ್ಷನ್ ಹಿಡಿದಿರುವುದಕ್ಕೆ ಉಳಿದವು ಕಾಯುತ್ತಿವೆ. ಮೈಎಸ್‌ಕ್ಯೂಎಲ್‌ಗೆ ಶೋ ಫುಲ್ ಪ್ರೊಸೆಸ್‌ಲಿಸ್ಟ್ (ಕನೆಕ್ಷನ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಡಿ. ಟೇಬಲ್ ಮೆಟಾಡೇಟಾ ಲಾಕ್‌ಗೆ (ಟೇಬಲ್‌ನ ರಚನೆಯ ಮೇಲಿನ ಲಾಕ್) ಕಾಯುತ್ತಿದ್ದೇನೆ ಎಂದು ಹೇಳುವ ಕ್ವೆರಿಗಳ ಸಾಲು ಉದ್ದಕ್ಕೆ ನಿಂತಿರುತ್ತದೆ, ಅದರ ಮುಂದೆ ಒಂದು ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಿಸುವ ಕಮಾಂಡ್). ಬೈಗುಳವೆಲ್ಲ ಆಲ್ಟರ್‌ಗೆ ಬೀಳುತ್ತದೆ. ಮೂಲ ಮಾತ್ರ ಅದಕ್ಕೂ ಮೊದಲು ಟ್ರಾನ್ಸಾಕ್ಷನ್ (ಕಮಿಟ್ ಆಗುವವರೆಗೆ ಒಟ್ಟಿಗೆ ನಡೆಯುವ ಕ್ವೆರಿಗಳ ಗುಂಪು) ತೆರೆದು, ಆ ಟೇಬಲ್ಲನ್ನು ಓದಿ, ಕಮಿಟ್ ಮಾಡದೆ ಮಲಗಿರುವ ಒಂದು ಸ್ಲೀಪ್ ಕನೆಕ್ಷನ್. ಆಲ್ಟರ್ ಅದಕ್ಕೆ ಕಾಯುತ್ತದೆ, ಆಮೇಲೆ ಬಂದ ಸಾಮಾನ್ಯ ಸೆಲೆಕ್ಟ್‌ಗಳೂ (ಓದುವ ಕ್ವೆರಿಗಳು) ಆಲ್ಟರ್‌ಗೆ ಕಾಯುತ್ತವೆ. ಮೈಎಸ್‌ಕ್ಯೂಎಲ್ ತನ್ನ ಬಗೆಗಿನ ಮಾಹಿತಿ ತೋರಿಸುವ ಇನ್‌ಫರ್ಮೇಷನ್ ಸ್ಕೀಮಾದ ಇನ್ನೋಡಿಬಿ ಟಿಆರ್‌ಎಕ್ಸ್ ಟೇಬಲ್‌ನಲ್ಲಿ ಶುರುವಾದ ಸಮಯದ ಪ್ರಕಾರ ಜೋಡಿಸಿದರೆ ಆ ಹಳೆಯ ಟ್ರಾನ್ಸಾಕ್ಷನ್, ಅದರ ಥ್ರೆಡ್ ನಂಬರ್ ಸಮೇತ, ಸಾಮಾನ್ಯವಾಗಿ ಮೊದಲ ಸಾಲುಗಳಲ್ಲೇ ಸಿಗುತ್ತದೆ. ಅದನ್ನು ಕಿಲ್ ಮಾಡಿದ ಕ್ಷಣಕ್ಕೆ ಆಲ್ಟರ್‌ಗೆ ಲಾಕ್ ಸಿಗುತ್ತದೆ. ಸೈಟ್ ತಕ್ಷಣ ಬೇಕಾದರೆ ಆಲ್ಟರ್ ಅನ್ನು ಕಿಲ್ ಮಾಡಿ, ಸಾಲು ಕರಗುತ್ತದೆ. ಆದರೆ ಮಲಗಿರುವುದನ್ನು ಬಿಟ್ಟರೆ ಮುಂದಿನ ಆಲ್ಟರ್ ಕೂಡ ಅಲ್ಲಿಯೇ ನಿಲ್ಲುತ್ತದೆ. ಈ ಲಾಕ್‌ಗೆ ಕಾಯುವ ಡಿಫಾಲ್ಟ್ ಮಿತಿ 31536000 ಸೆಕೆಂಡ್, ಅಂದರೆ ಒಂದು ವರ್ಷ. ಓಡುತ್ತಿರುವ ಸೈಟ್‌ನಲ್ಲಿ ಆಲ್ಟರ್ ಮಾಡುವ ಮೊದಲು ಆ ಸೆಷನ್‌ಗೆ ಲಾಕ್ ವೇಟ್ ಟೈಮ್‌ಔಟ್ 5 ಎಂದು ಹಾಕಲೇಬೇಕು.

ಕನೆಕ್ಷನ್ ಎಲ್ಲ ತುಂಬಿದ್ದರೂ ಮೈಎಸ್‌ಕ್ಯೂಎಲ್ ಅಡ್ಮಿನ್‌ಗೆಂದು ಒಂದು ಹೆಚ್ಚುವರಿ ಕನೆಕ್ಷನ್ ಕಾದಿರಿಸುತ್ತದೆ. ಅಪ್ಲಿಕೇಷನ್‌ನ ಯೂಸರ್‌ಗೂ ಸೂಪರ್ (ಅಡ್ಮಿನ್) ಅಧಿಕಾರ ಕೊಟ್ಟಿದ್ದರೆ ಆ ಬಾಗಿಲೂ ಮುಚ್ಚಿಹೋಗುತ್ತದೆ, ನೀವು ಒಳಗೆ ಹೋಗಲಾರಿರಿ.

ಬಹಳ ಮೆಷಿನ್‌ಗಳು ಒಂದೇ ಕ್ಷಣಕ್ಕೆ ಕೆಟ್ಟರೆ ಕಾರಣ ಅವುಗಳ ಹೊರಗಿರುತ್ತದೆ: ಹಂಚಿಕೊಂಡ ಸ್ಟೋರೇಜ್, ಸ್ವಿಚ್, ಡಿಎನ್‌ಎಸ್, ಕೆಲವೊಮ್ಮೆ ಸಮಯವೇ. 2012ರ ಜುಲೈ 1ರಂದು ನಮ್ಮ ಬೆಳಗಿನ 5:30ಕ್ಕೆ ಸರಿಯಾಗಿ ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ಗಡಿಯಾರಕ್ಕೆ ಸೇರಿಸುವ ಒಂದು ಸೆಕೆಂಡ್) ಸೇರಿದಾಗ ಕರ್ನಲ್ ದೋಷದಿಂದ ಜಾವಾ, ಮೈಎಸ್‌ಕ್ಯೂಎಲ್ ಓಡಿಸುತ್ತಿದ್ದ ಅನೇಕ ಲಿನಕ್ಸ್ ಸರ್ವರ್‌ಗಳಲ್ಲಿ ಸಿಪಿಯು ತುಂಬಿಹೋಯಿತು. ಡೇಟ್ ಕಮಾಂಡ್‌ನಿಂದ ಅದೇ ಸಮಯವನ್ನು ಮತ್ತೊಮ್ಮೆ ಸೆಟ್ ಮಾಡಿದ್ದೇ ಪರಿಹಾರವಾಗಿತ್ತು.

ನೀವು ಲಾಗಿನ್ ಆಗುವಷ್ಟರಲ್ಲಿ ಸರಿಹೋಗುವ ಎರಡು ನಿಮಿಷದ ಹ್ಯಾಂಗ್‌ಗಳಿಗೆ ಸಾರ್ (ಮೆಷಿನ್‌ನ ಅಂಕಿಅಂಶ ದಾಖಲಿಸಿಡುವ ಸಾಧನ) ವರದಿ ಉಪಯೋಗಕ್ಕೆ ಬರುವುದಿಲ್ಲ. 10 ನಿಮಿಷಕ್ಕೊಂದು ಸರಾಸರಿಯಲ್ಲಿ ಆ ಎರಡು ನಿಮಿಷ ಮುಳುಗಿಹೋಗುತ್ತದೆ. ನಾನು ಸಾರ್ ಅನ್ನು 1 ನಿಮಿಷಕ್ಕೆ ಇಳಿಸಿ, ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬಿಟ್ಟಿರುತ್ತೇನೆ: 5 ಸೆಕೆಂಡ್‌ಗೊಮ್ಮೆ ಓಡುತ್ತಿರುವ ಥ್ರೆಡ್‌ಗಳನ್ನು ಎಣಿಸಿ, 30 ದಾಟಿದರೆ ಪ್ರೊಸೆಸ್‌ಲಿಸ್ಟ್, ಇನ್ನೋಡಿಬಿ ಸ್ಟೇಟಸ್, ಡಿ ಸ್ಥಿತಿಯ ಪ್ರೊಸೆಸ್‌ಗಳ ಪಟ್ಟಿ ಮೂರನ್ನೂ ಸಮಯ ನಮೂದಿಸಿ ಫೈಲ್‌ಗೆ ಬರೆಯುತ್ತದೆ. ಆ ಫೈಲ್ ಡೇಟಾಬೇಸ್ ಇರುವ ಡಿಸ್ಕ್‌ನಲ್ಲಿ ಇರಬಾರದು. ಡಿಸ್ಕೇ ನಿಂತರೆ ಅದನ್ನು ಬರೆಯಲೂ ಆಗುವುದಿಲ್ಲ.