ಮೃಗಾಲಯಕ್ಕೆ ನಾಲ್ಕು ಮನೆಯವರು, ಆರು ಮಕ್ಕಳು

ಎರಡರಿಂದ ಐದು ವರ್ಷದ ಆರು ಮಕ್ಕಳು, ಏಳು ಜನ ದೊಡ್ಡವರು. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ, ಭಾನುವಾರ ಕಾಲಿಡಲಾಗದಷ್ಟು ಜನ. ಹಾಗಾಗಿ ನಾವು ಬುಧವಾರವೋ ಗುರುವಾರವೋ ಹೋಗುತ್ತೇವೆ, ಬೆಳಿಗ್ಗೆ 8.30ಕ್ಕೆ ಗೇಟು ತೆರೆಯುವ ಹೊತ್ತಿಗೇ. ಬಿಸಿಲೇರಿದ ಮೇಲೆ ಹುಲಿ, ಸಿಂಹಗಳೆಲ್ಲ ನೆರಳು ಹಿಡಿದು ಮಲಗಿಬಿಡುತ್ತವೆ.

1892ರಲ್ಲಿ ಶುರುವಾದ ತೋಟ, ದಾರಿಯುದ್ದಕ್ಕೂ ದೊಡ್ಡ ಮರಗಳಿವೆ. ಆದರೆ ಪುಟ್ಟ ಕಾಲುಗಳಿಗೆ ಅದು ತೀರಾ ಉದ್ದ. ಮೂರು ವರ್ಷದೊಳಗಿನವರಿಗೆ ತಳ್ಳುಗಾಡಿ ಬೇಕೇ ಬೇಕು. ಇಲ್ಲದಿದ್ದರೆ ಅರ್ಧ ದಾರಿಯಿಂದ ಎತ್ತಿಕೊಂಡೇ ನಡೆಯಬೇಕು. ಎಲ್ಲವನ್ನೂ ತೋರಿಸುವ ಹಟ ಬೇಡ. ಜಿರಾಫೆ ಮುಂದೆ ಅರ್ಧ ಗಂಟೆ ನಿಲ್ಲುತ್ತಾರಾ, ನಿಲ್ಲಲಿ. ನೀಲಿ ನಾಲಿಗೆ ಚಾಚಿ ಎಲೆ ಎಳೆದುಕೊಳ್ಳುವುದನ್ನು ಕಂಡ ಮಗು ಬೇರೇನೂ ನೋಡದಿದ್ದರೂ ನಡೆಯುತ್ತದೆ.

ಮಗು ಕಣ್ತಪ್ಪುವುದು ಜನಸಂದಣಿಯಿಂದಲ್ಲ, ದೊಡ್ಡವರು ಹೆಚ್ಚಿರುವುದರಿಂದ. ಏಳೂ ಜನ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಅದಕ್ಕೇ ಒಬ್ಬರ ಪಾಲಿಗೆ ಹೆಚ್ಚೆಂದರೆ ಇಬ್ಬರು ಮಕ್ಕಳು ಅಂತ ಬೆಳಿಗ್ಗೆಯೇ ಹೆಸರು ಹಿಡಿದು ಹಂಚಿಕೊಳ್ಳುತ್ತೇವೆ. ಶೌಚಾಲಯಕ್ಕೆ ಹೋಗುವವರು "ಅಕ್ಕಾ, ಚಿನ್ನುನ ನೋಡ್ಕೊಳ್ಳಿ" ಅಂದರೆ ಸಾಲದು. "ಹೂಂ, ಚಿನ್ನು ನನ್ನ ಹತ್ರ ಇದಾನೆ" ಅನ್ನುವ ಮಾತು ವಾಪಸ್ ಬರುವವರೆಗೂ ಕದಲಬಾರದು. ಟಿಕೆಟ್ ತೆಗೆಯುವಾಗ, ಫೋಟೊ ಹಿಡಿಯುವಾಗಲೂ ಇದೇ ನಿಯಮ. ಗೇಟಿನ ಬಳಿ ಪ್ರತಿ ಮಗುವಿನದೂ ಅಡಿಯಿಂದ ಮುಡಿವರೆಗೆ ಒಂದು ಫೋಟೊ ತೆಗೆಯಿರಿ. ಗಾಬರಿಯಲ್ಲಿ ಹೆತ್ತ ತಾಯಿಗೂ ಅಂಗಿಯ ಬಣ್ಣ ನೆನಪಾಗುವುದಿಲ್ಲ. ಫೋನ್ ನಂಬರನ್ನು ಅಂಗೈಯಲ್ಲಿ ಬರೆದರೆ ಬೆವರಿಗೆ ಅಳಿಸಿಹೋಗುತ್ತದೆ, ಮುಂದೋಳಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಮಗು ಕಾಣದೇ ಹೋದರೆ ಕೊನೆಗೆ ಕಂಡ ಜಾಗದಲ್ಲಿ ಒಬ್ಬರು ನಿಲ್ಲಬೇಕು, ಇಬ್ಬರು ದಾರಿಯ ಹಿಂದಕ್ಕೂ ಮುಂದಕ್ಕೂ ಹೋಗಬೇಕು, ಒಬ್ಬರು ತಕ್ಷಣ ಸಿಬ್ಬಂದಿಗೆ ತಿಳಿಸಬೇಕು.

ಹನ್ನೊಂದೂವರೆಗೆ ಹೊರಗೆ ಬಂದು ಊಟ. ದೊಡ್ಡವರಿಗೆ ಪುಳಿಯೋಗರೆ, ಮಕ್ಕಳಿಗೆ ಮೊಸರನ್ನ. ಮೊಸರು ಕಲಸಿ ತಂದರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಚೆನ್ನಾಗಿ ಮಸೆಯಿರಿ. ಬೆರಳಿಟ್ಟರೆ ಉಗುರುಬೆಚ್ಚಗಿರುವಾಗ ಕಾಯಿಸಿ ಆರಿಸಿದ ಎರಡು ಲೋಟ ಹಾಲು, ಎರಡು ಚಮಚ ಮೊಸರು, ಉಪ್ಪು ಹಾಕಿ ಕಲಸಿ. ಆರೂವರೆಗೆ ಕಲಸಿದ್ದು ಊಟದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಅನ್ನ ಸುಡುವಾಗಲೇ ಮೊಸರು ಹಾಕಿದರೆ ಒಡೆಯುತ್ತದೆ, ಹೆಪ್ಪೂ ಕೂರುವುದಿಲ್ಲ. ಒಳಗೆ ಪ್ಲಾಸ್ಟಿಕ್ ನಿಷೇಧವಿರುವುದರಿಂದ ನೀರಿಗೂ ತಿಂಡಿಗೂ ಸ್ಟೀಲಿನದೇ. ನೀರು ಮಗುವಿಗೆ ಅರ್ಧ ಲೀಟರ್, ದೊಡ್ಡವರಿಗೆ ಒಂದು.

ಪುಳಿಯೋಗರೆಯ ಕಡಲೆಕಾಯಿ ಬೀಜ ಪುಟ್ಟವರ ಕೈಗೆ ಸಿಗದಂತೆ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಕೊಯ್ದ ಬಿಲ್ಲೆ ಗುಂಡಗೇ ಉಳಿಯುತ್ತದೆ. ವಾಪಸ್ ಬರುವಾಗ ಕಾರಿನಲ್ಲಿ ತಿನ್ನಲು ಏನೂ ಕೊಡಬೇಡಿ. ಹತ್ತು ನಿಮಿಷಕ್ಕೆಲ್ಲ ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗಿರುತ್ತಾರೆ.